ಗುಂಪಿನಲ್ಲಿ ಮುಕ್ಕಾಲು ಪಾಲು, ಗಣತಿಯಲ್ಲಿ ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಅದನ್ನೂ ಒಂದು ಮಾಹಿತಿಯೆಂದೇ ಬರೆದಿಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ವಿಜ್ಞಾನ, ಪ್ರೋಗ್ರಾಮಿಂಗ್, ಚೆಸ್ ಎಂದು ಐದಾರು ಆನ್‌ಲೈನ್ ಗುಂಪುಗಳಲ್ಲಿದ್ದೇನೆ. ಎಲ್ಲಿ ನೋಡಿದರೂ ದೇವರನ್ನು ನಂಬದವರೇ. ಒಂದು ಗುಂಪಿನಲ್ಲಿ ಮತದಾನ ನಡೆಸಿದಾಗ ಮುಕ್ಕಾಲು ಪಾಲು ಜನ ‘ನಾಸ್ತಿಕ’ ಎಂದು ಒತ್ತಿದರು. ಕಚೇರಿಯಲ್ಲಾಗಲಿ ನೆಂಟರಲ್ಲಾಗಲಿ ಹುಡುಕಿದರೂ ಅಂಥವರು ಒಬ್ಬರೂ ಸಿಗುವುದಿಲ್ಲ. ಸಮಾಜದಲ್ಲಿ ನಾಸ್ತಿಕರು ಎಷ್ಟಿದ್ದಾರೆ ಎಂಬುದಕ್ಕೆ ಇವೆರಡರಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಡಿ. ಆದರೆ ಎರಡೂ ದಾರಿ ತಪ್ಪಿಸುವ ಬಗೆ ಬೇರೆ ಬೇರೆ. ಅದನ್ನು ಬಿಡಿಸಿ ನೋಡಿದರೆ ನಿಮಗೆ ಬೇಕಾದದ್ದರಲ್ಲಿ ಅರ್ಧವಾದರೂ ಕೈಗೆ ಸಿಗುತ್ತದೆ.

ಮೊದಲು ನಿಮ್ಮ ಮತದಾನ. ದೊಡ್ಡ ಸಂಖ್ಯೆ ಕಂಡರೆ ಸಾಮಾನ್ಯರಿಗೆ ನಂಬಿಕೆ ಬರುತ್ತದೆ, ಸಮೀಕ್ಷೆಯ ಕಸುಬಿನವರಿಗೆ ಗುಮಾನಿ ಬರುತ್ತದೆ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ತುಂಬಿ ಬಂದವು. ಅವನ್ನು ಎಣಿಸಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಫಲಿತಾಂಶ ಬಂದಾಗ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದಿದ್ದರು. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿಗಳಿಂದ, ಕಾರು ನೋಂದಣಿಯ ಪಟ್ಟಿಗಳಿಂದ ಹೆಕ್ಕಲಾಗಿತ್ತು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಎರಡೂ ಉಳ್ಳವರ ಸೊತ್ತು. ಅದಕ್ಕಿಂತ ಮುಖ್ಯವಾಗಿ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರು ಹೆಚ್ಚು ಆಸ್ಥೆಯಿಂದ ಮತಪತ್ರ ತುಂಬಿ ಹಿಂತಿರುಗಿಸಿದ್ದರು. ಅದೇ ಚುನಾವಣೆಯ ಫಲಿತಾಂಶವನ್ನು ಜನಾಭಿಪ್ರಾಯ ಸಮೀಕ್ಷೆಯ ಜಾರ್ಜ್ ಗ್ಯಾಲಪ್ ಅದರ ಸಣ್ಣದೊಂದು ಪಾಲಿನಷ್ಟು ಜನರನ್ನು ಕೇಳಿ ಸರಿಯಾಗಿ ಹೇಳಿದರು. 1938ರ ಹೊತ್ತಿಗೆ ಆ ವಾರಪತ್ರಿಕೆಯೇ ಇರಲಿಲ್ಲ.

ನಿಮ್ಮ ಗುಂಪಿನಲ್ಲಿಯೂ ಇವೇ ಎರಡು ದೋಷಗಳಿವೆ: ಒಳಗೆ ಯಾರಿದ್ದಾರೆ, ಅವರಲ್ಲಿ ಯಾರು ಗುಂಡಿ ಒತ್ತಿದರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2014ರ ಸಮೀಕ್ಷೆಯಲ್ಲಿ ತಮ್ಮನ್ನು ನಾಸ್ತಿಕರೆಂದು ಕರೆದುಕೊಂಡವರಲ್ಲಿ ಶೇಕಡಾ 68 ಜನ ಗಂಡಸರು, ಅರ್ಧದಷ್ಟು ಜನ 34 ವರ್ಷದ ಒಳಗಿನವರು. ಪ್ರೋಗ್ರಾಮಿಂಗ್ ಮತ್ತು ಚೆಸ್ ಗುಂಪುಗಳಲ್ಲಿ ಯಾರು ತುಂಬಿರುತ್ತಾರೆ ಹೇಳಿ? ದೇವರ ಮಾತು ಬರುವ ಮೊದಲೇ ಬಾಗಿಲಲ್ಲಿ ಸೋಸುವಿಕೆ ನಡೆದುಹೋಗಿದೆ. ಇನ್ನು ಗುಂಡಿ ಒತ್ತಿದವರ ಮಾತು. ಆನ್‌ಲೈನ್ ಗುಂಪುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಜನ ಓದಿ ಸುಮ್ಮನಿರುತ್ತಾರೆ, ಒಂಬತ್ತು ಜನ ಆಗಾಗ ಬರೆಯುತ್ತಾರೆ, ಒಬ್ಬ ಎಡೆಬಿಡದೆ ಬರೆಯುತ್ತಾನೆ ಎಂಬ ಅಂದಾಜನ್ನು ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಮುಂದಿಟ್ಟರು. ನಂಬಿಕೆಯ ಬಗ್ಗೆ ತಲೆ ಕೆಡಿಸಿಕೊಳ್ಳದವನು ಮತದಾನ ಕಂಡರೆ ಮುಂದಕ್ಕೆ ಸರಿಸುತ್ತಾನೆ. ಆ ಪ್ರಶ್ನೆ ಕಾಡಿದವನು ನಿಂತು ಒತ್ತುತ್ತಾನೆ.

ಸದಸ್ಯರ ಸಂಖ್ಯೆಯನ್ನೂ ನೆಚ್ಚಬೇಡಿ. ರೆಡ್ಡಿಟ್ ಎಂಬ ಚರ್ಚಾತಾಣದ ನಾಸ್ತಿಕ ವಿಭಾಗ ಒಂದು ಕಾಲಕ್ಕೆ ಲಕ್ಷಗಟ್ಟಲೆ ಸದಸ್ಯರನ್ನು ತೋರಿಸಿ ಬೀಗುತ್ತಿತ್ತು. ಯಾರೇ ಹೊಸ ಖಾತೆ ತೆರೆದರೂ ತಾಣವೇ ಅವರನ್ನು ಆ ವಿಭಾಗಕ್ಕೆ ಸೇರಿಸಿಬಿಡುತ್ತಿತ್ತು ಎಂಬುದು ಹಲವರಿಗೆ ಹೊಳೆದಿರಲಿಲ್ಲ. 2013ರ ಜುಲೈನಲ್ಲಿ ಆ ಏರ್ಪಾಡು ನಿಂತಿತು. ಬೆಕ್ಕಿನ ಚಿತ್ರ ನೋಡಲು ಬಂದ ಭಕ್ತರೂ ಅಲ್ಲಿಯವರೆಗೆ ಆ ಲೆಕ್ಕದಲ್ಲಿದ್ದರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮೋಸವಿದೆ. ನೂರು ಜನರ ಒಂದು ಜಾಲವನ್ನು ಊಹಿಸಿಕೊಳ್ಳಿ. ಹತ್ತೇ ಜನ ನಾಸ್ತಿಕರು, ಆದರೆ ಆ ಹತ್ತು ಜನ ಚೆನ್ನಾಗಿ ಬರೆಯುವವರು, ಎಲ್ಲರೂ ಹಿಂಬಾಲಿಸುವವರು. ಪ್ರತಿಯೊಬ್ಬನೂ ಎಂಟು ಖಾತೆಗಳನ್ನು ನೋಡುತ್ತಾನೆ, ಅವುಗಳಲ್ಲಿ ಐದು ಈ ಹತ್ತರ ಪೈಕಿ. ಈಗ ಯಾರನ್ನು ಕೇಳಿದರೂ ‘ನಾನು ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಸ್ತಿಕರು’ ಎಂದೇ ಹೇಳುತ್ತಾರೆ. ಯಾರೂ ಸುಳ್ಳಾಡುತ್ತಿಲ್ಲ, ಆದರೂ ನೂರಕ್ಕೆ ಹತ್ತು ಇದ್ದದ್ದು ಪ್ರತಿಯೊಬ್ಬನ ಕಣ್ಣಿಗೂ ಬಹುಮತವಾಗಿ ಕಾಣುತ್ತದೆ. ಕ್ರಿಸ್ಟಿನಾ ಲರ್ಮನ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೆ ‘ಬಹುಮತದ ಭ್ರಮೆ’ ಎಂದು ಹೆಸರಿಟ್ಟರು.

ಇಷ್ಟು ಹೇಳಿ ಕೈತೊಳೆದುಕೊಂಡರೆ ನಿಮ್ಮ ಕಚೇರಿಯೇ ಸರಿ ಎಂದಂತಾಗುತ್ತದೆ. ಅದಂತೂ ಖಂಡಿತ ಅಲ್ಲ.

ಸಮೀಕ್ಷೆಯ ಕೆಲಸದಲ್ಲಿ ಬಹಳ ಕಾಲ ಮನೆ ಮನೆ ಅಲೆದವಳು ನಾನು. ಒಮ್ಮೆ ಬಾಗಿಲು ತೆರೆದ ಹುಡುಗನೊಬ್ಬ ವಯಸ್ಸು, ಓದು, ಉದ್ಯೋಗ ಎಲ್ಲವನ್ನೂ ತಾನೇ ಹೇಳುತ್ತಾ ಬಂದ. ಧರ್ಮದ ಕಾಲಂ ಬಂದಾಗ ಒಳಗಿನ ಕೋಣೆಯಿಂದ ತಂದೆಯ ಧ್ವನಿ ಉತ್ತರ ಕೊಟ್ಟಿತು. ಹುಡುಗ ನನ್ನ ಪೆನ್ನನ್ನೇ ನೋಡುತ್ತಿದ್ದ. ನಾನು ಗುರುತು ಹಾಕಿದೆ. ಮುಂದಿನ ಮನೆ ತೋರಿಸುವ ನೆಪದಲ್ಲಿ ಹೊರಗೆ ಬಂದವನು, ‘ನಂಬುವುದಿಲ್ಲ ಎಂದು ಬರೆಯಲು ನಿಮ್ಮ ಕಾಗದದಲ್ಲಿ ಜಾಗವಿದೆಯೇ?’ ಎಂದು ಕೇಳಿದ. ಇದೆ, ತಿದ್ದಲೇ ಎಂದೆ. ಕಾಗದವನ್ನು ಒಮ್ಮೆ, ಮನೆಯ ಬಾಗಿಲನ್ನು ಒಮ್ಮೆ ನೋಡಿದ. ‘ಬೇಡ, ಕೆಳಗೆ ಅಪ್ಪನ ಸಹಿ ಇದೆಯಲ್ಲ’ ಎಂದ.

ಭಾರತದ 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಸುಮಾರು 29 ಲಕ್ಷ, ಅಂದರೆ ಶೇಕಡಾ 0.24. ಮನೆಯವರೆಲ್ಲರ ಪರವಾಗಿ ಒಬ್ಬರು ಉತ್ತರಿಸುವ ಯಾವ ದೇಶದ ಗಣತಿಯಲ್ಲಿಯಾದರೂ ಆ ಹುಡುಗನಂಥವರು ಕಾಣುವುದಿಲ್ಲ. ಒಬ್ಬೊಬ್ಬರನ್ನೇ ಕೇಳಿದರೂ ಪೂರ್ತಿ ಕಾಣುವುದಿಲ್ಲ, ಏಕೆಂದರೆ ಜನ ಧರ್ಮದ ವಿಷಯದಲ್ಲಿ ಒಳ್ಳೆಯವರಾಗಿ ಕಾಣಲು ಬಯಸುತ್ತಾರೆ. ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು ಸಮಾಜಶಾಸ್ತ್ರಜ್ಞರು 1993ರಲ್ಲಿ ಅಮೆರಿಕದ ಚರ್ಚುಗಳಲ್ಲಿ ತಲೆ ಎಣಿಸಿ ನೋಡಿದಾಗ, ವಾರವಾರ ಹೋಗುತ್ತೇವೆ ಎಂದು ಸಮೀಕ್ಷೆಯಲ್ಲಿ ಹೇಳಿದವರ ಅರ್ಧದಷ್ಟು ಜನ ಮಾತ್ರ ಒಳಗೆ ಕುಳಿತಿದ್ದರು.

ಹಾಗಾದರೆ ನಿಮ್ಮ ಗುಂಪು ಏನನ್ನು ಅಳೆಯುತ್ತದೆ? ನನ್ನ ಅಭಿಪ್ರಾಯ ಇದು: ನಾಸ್ತಿಕರು ಎಷ್ಟಿದ್ದಾರೆ ಎಂಬುದನ್ನಲ್ಲ, ‘ನಂಬುವುದಿಲ್ಲ’ ಎಂದು ಹೊರಗೆ ಹೇಳಿದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಊಟದ ಮೇಜಿನಲ್ಲಿ ಸಲೀಸಾಗಿ ಆಡಬಹುದಾದ ಮಾತಿಗೆ ಯಾರೂ ಗುಪ್ತನಾಮ ಇಟ್ಟುಕೊಂಡು ಗುಂಪು ಕಟ್ಟುವುದಿಲ್ಲ. ಜೆಕ್ ಗಣರಾಜ್ಯದ 2021ರ ಗಣತಿಯಲ್ಲಿ ಸುಮಾರು ಅರ್ಧದಷ್ಟು ಜನ ತಮಗೆ ಧಾರ್ಮಿಕ ನಂಬಿಕೆಯಿಲ್ಲ ಎಂದರು, ಇನ್ನೂ ಶೇಕಡಾ 30ರಷ್ಟು ಜನ ಆ ಪ್ರಶ್ನೆಗೆ ಉತ್ತರಿಸುವ ಗೋಜಿಗೇ ಹೋಗಲಿಲ್ಲ. ಅಂಥ ಕಡೆ ನಾಸ್ತಿಕರ ಸಂಘ ಸೇರುವುದಕ್ಕೆ ಯಾರಿಗೂ ತುರ್ತಿರುವುದಿಲ್ಲ. ಅಮೆರಿಕದಲ್ಲಿ ತುರ್ತಿತ್ತು. ಅರ್ಹನಾದ ನಾಸ್ತಿಕ ಅಭ್ಯರ್ಥಿಗೆ ಮತ ಹಾಕುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಹೌದು ಎಂದವರು ಶೇಕಡಾ 18. 2020ರಲ್ಲಿಯೂ 60 ಮಾತ್ರ. ನಿಮ್ಮ ಪರದೆಯ ಮೇಲೆ ಕಂಡ ಮುಕ್ಕಾಲು ಪಾಲಿಗೂ ಕಚೇರಿಯಲ್ಲಿ ಕಂಡ ಸೊನ್ನೆಗೂ ಮೂಲ ಒಂದೇ ಇರಬಹುದು. ಅಲ್ಲಿ ಬಾಯಿ ಮುಚ್ಚಿಕೊಂಡವರೇ ಇಲ್ಲಿ ಮಾತಾಡುತ್ತಿದ್ದಾರೆ. ನಿಮ್ಮ ಪಕ್ಕದ ಮೇಜಿನವರೂ ಸಂಜೆ ಯಾವುದೋ ಚೆಸ್ ಗುಂಪಿನಲ್ಲಿ ಇರಬಾರದೆಂದೇನಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ದೈವಭಕ್ತ. ನನ್ನ ಮೊಮ್ಮಗ ಮೊಬೈಲ್ ನೋಡಿ ನೋಡಿಯೇ ದೇವರಿಲ್ಲ ಎನ್ನಲು ಕಲಿತ. ನಾಸ್ತಿಕರನ್ನು ಅಂತರ್ಜಾಲ ತೋರಿಸುತ್ತಿದೆಯೋ, ತಯಾರಿಸುತ್ತಿದೆಯೋ?

ಉತ್ತರ: ಮೇಷ್ಟ್ರೇ, ಸ್ವಲ್ಪ ತಯಾರಿಸುತ್ತಲೂ ಇರಬಹುದು. ಅಂತರ್ಜಾಲ ಹೆಚ್ಚು ಬಳಸುವವರಲ್ಲಿ ಧರ್ಮದ ನಂಟು ಕಡಿಮೆ ಎಂದು ಅಮೆರಿಕದ ಅಂಕಿಅಂಶಗಳನ್ನು ಇಟ್ಟುಕೊಂಡು ಕಂಪ್ಯೂಟರ್ ವಿಜ್ಞಾನಿ ಆಲೆನ್ ಡೌನಿ 2014ರಲ್ಲಿ ವಾದಿಸಿದ್ದರು. ಒಟ್ಟೊಟ್ಟಿಗೆ ಕಂಡದ್ದೆಲ್ಲ ಕಾರ್ಯಕಾರಣವಲ್ಲ ಎಂಬುದನ್ನು ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. ಪಶ್ಚಿಮ ಯುರೋಪಿನಲ್ಲಿ ಚರ್ಚುಗಳು ಬರಿದಾಗತೊಡಗಿದ್ದು 1960ರ ದಶಕದಲ್ಲಿ. ಆಗ ಯಾರ ಮನೆಯಲ್ಲಿ ಕಂಪ್ಯೂಟರ್ ಇತ್ತು?

ಏರಿಕೆ ಮಾತ್ರ ನಿಜ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಣತಿಯಲ್ಲಿ ‘ಧರ್ಮವಿಲ್ಲ’ ಎಂದವರು 2001ರಲ್ಲಿ ಶೇಕಡಾ 14.8, 2011ರಲ್ಲಿ 25.2, 2021ರಲ್ಲಿ 37.2. ಅಮೆರಿಕದಲ್ಲಿ ಪ್ಯೂ ಲೆಕ್ಕದ ಪ್ರಕಾರ ಯಾವ ಧರ್ಮಕ್ಕೂ ಸೇರದವರು 2007ರಲ್ಲಿ ಶೇಕಡಾ 16 ಇದ್ದವರು 2023-24ರಲ್ಲಿ 29 ಆದರು. ಈ ಅಂಕಿಗಳನ್ನು ಹಿಡಿದು ‘ನಾಸ್ತಿಕರು ಮೂರನೇ ಒಂದು ಪಾಲು’ ಎಂದು ಕುಣಿಯುವವರೂ ಕಂಗಾಲಾಗುವವರೂ ಕೆಳಗಿನ ಸಾಲನ್ನು ಓದುವುದಿಲ್ಲ. ಆ 29ರಲ್ಲಿ ತಮ್ಮನ್ನು ನಾಸ್ತಿಕರೆಂದವರು 5, ಗೊತ್ತಿಲ್ಲ ಎನ್ನುವ ಅಜ್ಞೇಯವಾದಿಗಳು 6. ಉಳಿದವರೆಲ್ಲ ‘ಇಂಥದ್ದೇ ಅಂತ ಏನಿಲ್ಲ’ ಎನ್ನುವವರು. 2012ರಲ್ಲಿ ಪ್ಯೂ ಕೇಳಿದಾಗ ಧರ್ಮಕ್ಕೆ ಸೇರದವರಲ್ಲಿ ಶೇಕಡಾ 68 ಜನ ದೇವರನ್ನು ನಂಬುತ್ತೇವೆ ಎಂದಿದ್ದರು. ದೇವಾಲಯದ ದಾರಿ ಬಿಟ್ಟವರೆಲ್ಲ ದೇವರನ್ನು ಬಿಟ್ಟವರಲ್ಲ. ಆನ್‌ಲೈನ್ ಜಗಳದಲ್ಲಿ ಎರಡೂ ಕಡೆಯವರು ಈ ದೊಡ್ಡ ನಡುವಿನ ಜನರನ್ನು ಮರೆತೇಬಿಡುತ್ತಾರೆ, ಏಕೆಂದರೆ ಇವರು ಜಗಳಕ್ಕೆ ಬರುವುದೇ ಇಲ್ಲ.

ಅಂತರ್ಜಾಲವೆಲ್ಲ ನಾಸ್ತಿಕರದ್ದು ಎಂಬ ಅಂಜಿಕೆಯನ್ನೂ ಬಿಡಿ. ಯೂವರ್ಷನ್ ಎಂಬ ಬೈಬಲ್ ಆ್ಯಪ್ 2021ರ ಹೊತ್ತಿಗೆ 50 ಕೋಟಿ ಸಾಧನಗಳಲ್ಲಿ ಇಳಿದಿತ್ತು. ನಾಸ್ತಿಕರ ಯಾವ ಗುಂಪೂ ಅದರ ಹತ್ತಿರಕ್ಕೆ ಬರುವುದಿಲ್ಲ. ಭಕ್ತರು ಆ್ಯಪ್ ತೆರೆದು ಓದಿಕೊಂಡು ಹೋಗುತ್ತಾರೆ, ಗದ್ದಲ ಮಾಡುವುದಿಲ್ಲ, ಹಾಗಾಗಿ ಎದ್ದು ಕಾಣುವುದಿಲ್ಲ. ಎಣಿಕೆಯ ಎಡವಟ್ಟು ಒಂದೇ ಪಕ್ಷದ್ದಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ: ಬ್ರಿಟನ್ನಿನ ಯುವಕರು ಚರ್ಚಿಗೆ ಮರಳುತ್ತಿದ್ದಾರೆ ಎಂದು ಬೈಬಲ್ ಸೊಸೈಟಿ 2025ರಲ್ಲಿ ಸಂಭ್ರಮದಿಂದ ವರದಿ ಮಾಡಿತು. ಅದಕ್ಕೆ ಆಧಾರವಾದದ್ದು ಜನ ತಾವಾಗಿ ಹೆಸರು ಕೊಟ್ಟು ಸೇರುವ ಆನ್‌ಲೈನ್ ಸಮೀಕ್ಷೆ. ವಿಳಾಸಗಳನ್ನು ಚೀಟಿ ಎತ್ತಿದಂತೆ ಆರಿಸಿ ನಡೆಸುವ ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಗಣತಿಗೆ ಮುಂಚೆ, ಧರ್ಮದ ಕಾಲಂನಲ್ಲಿ ‘ಜೆಡೈ’ ಎಂದು ಬರೆಯಿರಿ ಎಂಬ ಇಮೇಲ್ ಹರಿದಾಡಿತು. ಜೆಡೈ ಎಂದರೆ ಸ್ಟಾರ್ ವಾರ್ಸ್ ಸಿನಿಮಾದ ಖಡ್ಗವೀರರು. ಸುಮಾರು 3 ಲಕ್ಷ 90 ಸಾವಿರ ಜನ ಬರೆದೇ ಬರೆದರು. ಆ ವರ್ಷದ ಸಿಖ್ಖರ ಸಂಖ್ಯೆಗಿಂತಲೂ ಹೆಚ್ಚು. ಹತ್ತು ವರ್ಷದ ನಂತರ ಅರ್ಧಕ್ಕರ್ಧ ವೀರರು ಕಾಣೆಯಾಗಿದ್ದರು. ನಿಮ್ಮ ಮೊಮ್ಮಗನ ವಿಷಯ ಅಷ್ಟು ಹಗುರವಲ್ಲದಿರಬಹುದು. ಅವನು ಏನು ಓದಿದ ಎಂದು ಮೊಬೈಲನ್ನು ಕೇಳುವ ಬದಲು ಅವನನ್ನೇ ಕೇಳಿ. ನಿಮ್ಮೆದುರು ಬಾಯಿಬಿಟ್ಟು ಹೇಳಿದ್ದಾನೆ ಎಂದರೆ ನಿಮ್ಮ ಮೇಲೆ ಭರವಸೆ ಇದೆ ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ಅದೆಲ್ಲ ಇರಲಿ. ನೀವು ಆಸ್ತಿಕರೋ, ನಾಸ್ತಿಕರೋ?

ಉತ್ತರ: ಈ ಅಂಕಣಕ್ಕೆ ಸಂಪಾದಕರಿದ್ದಾರೆ, ಸಂಪಾದಕರಿಗೆ ಚಂದಾದಾರರಿದ್ದಾರೆ, ನನಗೆ ಅತ್ತೆಯವರಿದ್ದಾರೆ. ಇಷ್ಟು ಜನರ ಎದುರಿಗೆ ಅಚ್ಚಾಗುವ ಉತ್ತರಕ್ಕೆ ಎಷ್ಟು ಕಿಮ್ಮತ್ತು ಕೊಡಬಹುದು ಎಂಬುದನ್ನು ಮೇಲಿನದನ್ನೆಲ್ಲ ಓದಿದ ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಬಾಯಿಬಿಟ್ಟರೆ ಜೈಲು, ಕೆಲವೆಡೆ ಸಾವು ಎನ್ನುವ ದೇಶಗಳಿವೆ. ಅಲ್ಲಿ ಸರ್ಕಾರದ ಗಣತಿಗಿಂತ ಅನಾಮಧೇಯ ಆನ್‌ಲೈನ್ ಲೋಕವೇ ಹೆಚ್ಚು ಸತ್ಯವಲ್ಲವೇ?

ಉತ್ತರ: ಹೆಚ್ಚು ಸತ್ಯ, ಹೌದು. ಪೂರ್ತಿ ಸತ್ಯ, ಅಲ್ಲ. ಇರಾನ್ ಇದಕ್ಕೆ ಒಳ್ಳೆಯ ಉದಾಹರಣೆ.

ಅಲ್ಲಿನ ಸರ್ಕಾರಿ ಗಣತಿಯ ಪ್ರಕಾರ ಶೇಕಡಾ 99ಕ್ಕೂ ಹೆಚ್ಚು ಜನ ಮುಸ್ಲಿಮರು. ನೆದರ್ಲೆಂಡ್ಸ್‌ನಲ್ಲಿರುವ ಗಮಾನ್ ಎಂಬ ಸಂಶೋಧನಾ ಸಂಸ್ಥೆ 2020ರಲ್ಲಿ ಸಾಮಾಜಿಕ ಜಾಲತಾಣಗಳ ಮೂಲಕ ಹೆಸರು ಕೇಳದ ಸಮೀಕ್ಷೆಯೊಂದನ್ನು ಹರಿಯಬಿಟ್ಟಿತು. ಇರಾನಿನೊಳಗಿನ ಸುಮಾರು ನಲವತ್ತು ಸಾವಿರ ಜನರ ಉತ್ತರಗಳನ್ನು ದೇಶದ ವಯಸ್ಸು, ಲಿಂಗ, ವಿದ್ಯಾಭ್ಯಾಸದ ಪ್ರಮಾಣಕ್ಕೆ ಹೊಂದಿಸಿ ನೋಡಿದಾಗ ಶಿಯಾ ಮುಸ್ಲಿಮರು ಎಂದವರು ಶೇಕಡಾ 32 ಮಾತ್ರ. ನಾಸ್ತಿಕರು 9, ಯಾವುದೂ ಇಲ್ಲ ಎಂದವರು 22. ದೇವರನ್ನು ನಂಬುತ್ತೇವೆ ಎಂದವರು ಆಗಲೂ 78. ಸರ್ಕಾರದ 99 ಬರೀ ಕಾಗದದ ಮಾತು ಎಂದು ತೋರಿಸಲು ಇಷ್ಟು ಸಾಕು.

ಆದರೆ ಅದೇ ಸಮೀಕ್ಷೆಯಲ್ಲಿ ಶೇಕಡಾ 8 ಜನ ತಾವು ಜರತುಷ್ಟ್ರ ಧರ್ಮದವರು (ನಮ್ಮ ಪಾರ್ಸಿಗಳ ಧರ್ಮ) ಎಂದಿದ್ದಾರೆ! ಎಂಟು ಕೋಟಿ ದಾಟಿದ ಆ ದೇಶಕ್ಕೆ ಈ ಪ್ರಮಾಣವನ್ನು ಅನ್ವಯಿಸಿದರೆ ಅರವತ್ತು ಲಕ್ಷ ಮೀರುತ್ತದೆ. 2011ರ ಗಣತಿಯಲ್ಲಿ ಅವರಿದ್ದದ್ದು ಸುಮಾರು 25 ಸಾವಿರ. ಅಷ್ಟೊಂದು ಜನ ಗುಟ್ಟಾಗಿ ಅಗ್ನಿಯ ಆರಾಧನೆ ಮಾಡುತ್ತಿದ್ದರೆಂದು ನಾನು ನಂಬುವುದಿಲ್ಲ. ಇಸ್ಲಾಮಿಗೂ ಹಿಂದಿನ ಇರಾನನ್ನು ನೆನೆದು, ಆಳುವವರ ಮುಖಕ್ಕೆ ಹೊಡೆದಂತೆ ಕೊಟ್ಟ ಉತ್ತರ ಅದು. ಹಾಗಿದ್ದರೆ ನಾಸ್ತಿಕ ಎಂದು ಒತ್ತಿದ 9ರಲ್ಲಿ ಎಷ್ಟು ನಂಬಿಕೆಯಿಲ್ಲದ್ದು, ಎಷ್ಟು ಸಿಟ್ಟು? ಬಾಯಿಗೆ ಬೀಗ ಹಾಕಿದ ಕಡೆ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಆನ್‌ಲೈನ್‌ನಲ್ಲಿ ತಿಳಿಯುತ್ತದೆ, ವೇಗ ತಿಳಿಯುವುದಿಲ್ಲ.

ಆನ್‌ಲೈನ್ ಅನಾಮಧೇಯತೆಗೂ ಮಿತಿಯಿದೆ. ಇಂಡೊನೇಷ್ಯಾದ ಸರ್ಕಾರಿ ನೌಕರ ಅಲೆಕ್ಸಾಂಡರ್ ಆನ್ ಫೇಸ್‌ಬುಕ್‌ನಲ್ಲಿ ದೇವರಿಲ್ಲ ಎಂದು ಬರೆದ ಪ್ರಕರಣದಲ್ಲಿ 2012ರಲ್ಲಿ ಎರಡೂವರೆ ವರ್ಷದ ಶಿಕ್ಷೆಗೆ ಗುರಿಯಾದರು. ಮುಕ್ತಮನ ಎಂಬ ವಿಚಾರವಾದಿಗಳ ಜಾಲತಾಣ ಕಟ್ಟಿದ ಅವಿಜಿತ್ ರಾಯ್ ಅವರನ್ನು 2015ರ ಫೆಬ್ರುವರಿಯಲ್ಲಿ ಢಾಕಾದ ಪುಸ್ತಕ ಮೇಳದಿಂದ ಹೊರಬರುವಾಗ ಕೊಚ್ಚಿ ಕೊಂದರು. ಇಂಥ ಸುದ್ದಿ ಓದಿದವನು ಗುಪ್ತನಾಮದಲ್ಲಿಯೂ ಬರೆಯಲು ಹಿಂಜರಿಯುತ್ತಾನೆ. ಹಾಗಾಗಿ ಅಲ್ಲಿನ ಗುಂಪುಗಳು ಚಿಕ್ಕದಾಗಿ ಕಂಡರೆ ನಾಸ್ತಿಕರೇ ಕಡಿಮೆ ಎಂದು ತೀರ್ಮಾನಿಸಲಾಗದು.

ಪ್ರಶ್ನೆ: ನಾನು ಒಂದು ಗುಂಪಿನ ನಿರ್ವಾಹಕಿ, ಸುಮಾರು ಮುನ್ನೂರು ಸದಸ್ಯರಿದ್ದಾರೆ. ಯಾರಿಗೂ ಮುಜುಗರವಾಗದಂತೆ ನಂಬದವರ ಪ್ರಮಾಣ ತಿಳಿಯುವ ಉಪಾಯವೇನಾದರೂ ಇದೆಯೇ?

ಉತ್ತರ: ಇದೆ, ಚೆಂದದ ಉಪಾಯ. ಸದಸ್ಯರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ. ಮೊದಲ ಪಾಲಿನವರಿಗೆ ಐದು ಸಾಧಾರಣ ಹೇಳಿಕೆಗಳನ್ನು ಕೊಡಿ: ನನಗೆ ಈಜು ಬರುತ್ತದೆ, ನಾನು ಕನ್ನಡಕ ಹಾಕುತ್ತೇನೆ, ನಾನು ಬೆಳಗ್ಗೆ ಐದಕ್ಕೆ ಏಳುತ್ತೇನೆ, ಹೀಗೆ. ಎರಡನೆಯ ಪಾಲಿನವರಿಗೆ ಅವೇ ಐದರ ಜೊತೆ ಆರನೆಯದಾಗಿ ‘ನಾನು ದೇವರನ್ನು ನಂಬುವುದಿಲ್ಲ’ ಎಂಬುದನ್ನು ಸೇರಿಸಿ. ಯಾವುದು ನಿಜ ಎಂದು ಯಾರೂ ಹೇಳಬೇಕಾಗಿಲ್ಲ, ಎಷ್ಟು ನಿಜ ಎಂಬ ಸಂಖ್ಯೆ ಹೇಳಿದರೆ ಸಾಕು. ಮೊದಲ ಪಾಲಿನ ಸರಾಸರಿ 2.10, ಎರಡನೆಯದರ ಸರಾಸರಿ 2.28 ಬಂತು ಎನ್ನಿ. ವ್ಯತ್ಯಾಸ 0.18, ಅಂದರೆ ನೂರಕ್ಕೆ 18 ಜನ ನಂಬದವರು. ಆ 18 ಜನ ಯಾರೆಂಬುದು ನಿಮಗೂ ಗೊತ್ತಾಗುವುದಿಲ್ಲ. ಹೇಳಿಕೆಗಳನ್ನು ಆರಿಸುವಾಗ ಮಾತ್ರ ಹುಷಾರು: ಎಲ್ಲವೂ ಎಲ್ಲರಿಗೂ ಹೊಂದುವಂತಿದ್ದರೆ ‘ಆರಕ್ಕೆ ಆರು’ ಎಂದವನ ಗುಟ್ಟು ರಟ್ಟಾಗುತ್ತದೆ.

ಮನೋವಿಜ್ಞಾನಿ ವಿಲ್ ಜರ್ವೇಸ್ ಮತ್ತು ಅವರ ಸಹೋದ್ಯೋಗಿ ಅಮೆರಿಕದಲ್ಲಿ ಇದನ್ನೇ ಮಾಡಿ 2018ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ನೇರವಾಗಿ ಕೇಳಿದಾಗ ಪ್ಯೂಗೆ ಸಿಕ್ಕ ನಾಸ್ತಿಕರು ಶೇಕಡಾ 3, ದೇವರಿಲ್ಲ ಎಂದು ಗ್ಯಾಲಪ್‌ಗೆ ಹೇಳಿದವರು ಸುಮಾರು 11. ಈ ಬಳಸುದಾರಿಯಲ್ಲಿ ಅವರಿಗೆ ಸಿಕ್ಕಿದ ಅಂದಾಜು ಸುಮಾರು 26. ಅದರ ಆಚೀಚೆ ಅನಿಶ್ಚಿತತೆ ಬಹಳವಿದೆ ಎಂದು ಅವರೇ ಬರೆದಿದ್ದಾರೆ. ನಾನಾದರೆ ಆ 26ನ್ನು ಗೋಡೆಗೆ ಬರೆಯುವುದಿಲ್ಲ. ಆದರೆ ನೇರ ಪ್ರಶ್ನೆಗೆ ಸಿಗುವ ಉತ್ತರ ನಿಜಕ್ಕಿಂತ ಸಾಕಷ್ಟು ಕೆಳಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಿಮ್ಮ ಗುಂಪಿಗೆ ಇದು ಆಗಿಬರುವುದಿಲ್ಲ. ಗುಟ್ಟು ಕಾಯುವ ವಿಧಾನಕ್ಕೆ ತುಂಬ ಜನ ಬೇಕು. ಪಾಲಿಗೆ ಸಾವಿರ ಜನರಿದ್ದರೂ ತಪ್ಪಿನ ಅಂತರ ಹೆಚ್ಚುಕಡಿಮೆ ಶೇಕಡಾ ಒಂಬತ್ತು ಅಂಶ ಮೇಲೆ ಕೆಳಗೆ ಇರುತ್ತದೆ. ನೂರೈವತ್ತು ಜನರಿದ್ದರೆ ಅದು ಇಪ್ಪತ್ತನ್ನು ದಾಟುತ್ತದೆ. ಆಗ ಬರುವ 18ಕ್ಕೂ ಸೊನ್ನೆಗೂ ವ್ಯತ್ಯಾಸ ಹೇಳಲಾಗದು. ಅಷ್ಟಾದರೂ ತಿಳಿಯುವುದು ನಿಮ್ಮ ಗುಂಪಿನ ಪ್ರಮಾಣ ಮಾತ್ರ, ಸಮಾಜದ್ದಲ್ಲ. ಹಟ ಇದ್ದರೆ ಇನ್ನೂ ಏಳೆಂಟು ಗುಂಪುಗಳ ನಿರ್ವಾಹಕರನ್ನು ಜೊತೆ ಮಾಡಿಕೊಳ್ಳಿ. ಅವುಗಳಲ್ಲಿ ಎರಡಾದರೂ ಭಜನೆಯ ಗುಂಪುಗಳಾಗಿರಲಿ. ಹೇಳಿಕೆಗಳ ಪಟ್ಟಿಯನ್ನು ನನಗೆ ಕಳಿಸಿ, ನೋಡಿ ತಿದ್ದಿಕೊಡುತ್ತೇನೆ.